ನೆಲಕ್ಕೆ ಅಂಟಿದ ಐತಿಹ್ಯಗಳು

ಗದಗಿನಿಂದ ಹುಬ್ಬಳ್ಳಿಯ ಕಡೆಗೆ ಹೊರಟವರಿಗೆ ಬಿಂಕದಕಟ್ಟಿ, ಅಸುಂಡಿ, ಹುಲಕೋಟಿ ಎಂಬ ಊರುಗಳು ಒಂದರ ಹಿಂದೊಂದು ಎದುರಾಗುತ್ತವೆ. ಸುತ್ತಲೂ ಎರೆಯ ಹೊಲಗಳು. ಹಂಗಾಮಿಗೆ ತಕ್ಕಂತೆ ಜೋಳ, ಕಡಲೆ, ಹತ್ತಿ, ಮೆಣಸಿನಕಾಯಿಗಳ ಬೆಳೆ. ಹೊಸಬನ ಕಣ್ಣಿಗೆ ಇದು ಬರಿಯ ಬಯಲು. ಆದರೆ ಈ ಬಯಲಿನಲ್ಲಿ ಹುಟ್ಟಿ ಬೆಳೆದ ರೈತನಿಗೆ ಇಲ್ಲಿನ ಯಾವ ಕಲ್ಲೂ ಬರಿಯ ಕಲ್ಲಲ್ಲ, ಯಾವ ಗಿಡವೂ ಬರಿಯ ಗಿಡವಲ್ಲ. ಊರ ಅಗಸಿಯಲ್ಲಿ ನೆಟ್ಟ ಕರಿಗಲ್ಲು ಊರನ್ನು ಕಾಯುತ್ತದೆ. ಬನ್ನಿಯ ಗಿಡವು ದಸರೆಯ ದಿನ ಬಂಗಾರವಾಗುತ್ತದೆ. ಹಳೆಯ ಬಾವಿಯ ತಳದಲ್ಲಿ ಯಾರೋ ಇದ್ದಾರೆ; ನಡುಮಧ್ಯಾಹ್ನ ಅತ್ತ ಸುಳಿಯಬಾರದು. ಪಾಳುಬಿದ್ದ ಗುಡಿಯ ಕೆಳಗೆ ಕೊಪ್ಪರಿಗೆ ಹೊನ್ನಿದೆ. ಅದನ್ನು ಸರ್ಪವು ಸುತ್ತಿಕೊಂಡಿದೆ. ಹೀಗೆ ಒಂದು ನಿರ್ದಿಷ್ಟ ಸ್ಥಳಕ್ಕೆ ಅಂಟಿಕೊಂಡು, ತಲೆಮಾರಿನಿಂದ ತಲೆಮಾರಿಗೆ ಬಾಯಿಂದ ಬಾಯಿಗೆ ಹರಿದುಬಂದ ಕಥೆಗೆ ಐತಿಹ್ಯವೆಂದು ಹೆಸರು. ಅಜ್ಜಿಯ ಕಥೆ 'ಒಂದಾನೊಂದು ಊರಿನಲ್ಲಿ' ಎಂದು ಮೊದಲಾದರೆ, ಐತಿಹ್ಯವು 'ಇಗೋ, ಇದೇ ಕಲ್ಲು' ಎಂದು ಬೆರಳು ಮಾಡಿ ತೋರಿಸುತ್ತದೆ. ಸಾಕ್ಷಿಯಾಗಿ ಸ್ಥಳವೇ ಮುಂದೆ ನಿಂತಿರುವುದರಿಂದ ಕೇಳುವವನು ಅದನ್ನು ಬೇಗ ನಂಬುತ್ತಾನೆ.

ಎಳ್ಳಮಾವಾಸ್ಯೆಯ ದಿನ ಈ ಸೀಮೆಯ ಹೊಲಗಳಿಗೆ ಹೋಗಿ ನೋಡಬೇಕು. ಬುತ್ತಿ ಕಟ್ಟಿಕೊಂಡು, ಬಂಡಿ ಹೂಡಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಬರುತ್ತಾರೆ. ಹಲವು ಊರುಗಳಲ್ಲಿ ಬೆಳೆಯ ನಡುವೆ ಐದು ಕಲ್ಲುಗಳನ್ನು ಸಾಲಾಗಿ ಇಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸುವುದುಂಟು. ಆ ಐವರ ಹಿಂದೆ ಆರನೆಯದೊಂದು ಕಲ್ಲನ್ನು ಇಡುತ್ತಾರೆ. ಅದನ್ನು ಕೆಲವರು ಕರ್ಣನೆನ್ನುತ್ತಾರೆ, ಕೆಲವರು ಕಳ್ಳನೆನ್ನುತ್ತಾರೆ. ಪೂಜೆಯಾದ ಮೇಲೆ ಅನ್ನದ ಚರಗವನ್ನು ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತಾರೆ. ಭೂಮಿ ಬಸುರಿ, ಅವಳ ಬಯಕೆಯನ್ನು ತೀರಿಸಬೇಕು ಎಂಬುದು ಈ ಆಚರಣೆಯ ಹಿಂದಿನ ಭಾವನೆ. ಮಹಾಭಾರತದ ವೀರರು ಇಲ್ಲಿ ಹಸ್ತಿನಾವತಿಯಿಂದ ಇಳಿದು ಜೋಳದ ಹೊಲದ ಕಾವಲುಗಾರರಾಗಿದ್ದಾರೆ. ತಾಯಿಯ ಮಡಿಲಿನಿಂದ ದೂರವಾದ ಕರ್ಣನಿಗೆ ಇಲ್ಲಿಯೂ ಹಿಂದಿನ ಸಾಲೇ ಗತಿಯಾಗಿದೆ. ಪುಸ್ತಕವನ್ನು ಓದಲಾರದ ಜನ ಪುಸ್ತಕದ ಕಥೆಯನ್ನು ನೆಲದ ಮೇಲೆ ಬರೆದುಕೊಂಡ ಬಗೆ ಇದು.

ಮಳೆಯ ವಿಷಯದಲ್ಲಂತೂ ನಂಬಿಕೆಗಳು ಇನ್ನೂ ಆಳವಾಗಿವೆ. ಈ ಭಾಗದಲ್ಲಿ ಮಳೆ ಕಡಿಮೆ. ಬಂದರೂ ಹೊತ್ತಿಗೆ ಬರುವುದೆಂಬ ಭರವಸೆಯಿಲ್ಲ. ಭಾದ್ರಪದ ಮಾಸದಲ್ಲಿ ಗಣಪತಿಯ ಹಿಂದೆಯೇ ಜೋಕುಮಾರ ಹುಟ್ಟುತ್ತಾನೆ. ಅವನ ಆಯುಷ್ಯ ಏಳೇ ದಿನ. ಅಂಬಿಗರ ಮನೆತನದ ಹೆಂಗಸರು ಅವನ ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿಟ್ಟು, ಬಾಯಿಗೆ ಬೆಣ್ಣೆ ಒರಸಿ, ಬೇವಿನ ಸೊಪ್ಪಿನಿಂದ ಸಿಂಗರಿಸಿ ಮನೆಮನೆಗೆ ಹೊತ್ತು ಹಾಡುತ್ತಾರೆ. ಮನೆಯವರು ಮೊರದಲ್ಲಿ ಜೋಳ ನೀಡುತ್ತಾರೆ. ಹೊತ್ತವರು ಮರಳಿ ಕೊಟ್ಟ ನುಚ್ಚನ್ನೂ ಬೇವಿನೆಲೆಯನ್ನೂ ಹೊಲದಲ್ಲಿ ಚೆಲ್ಲಿದರೆ ಬೆಳೆಗೆ ಹುಳುವಿನ ಕಾಟವಿಲ್ಲವೆಂದು ನಂಬುತ್ತಾರೆ. ಗಣಪತಿಯು ಭೂಲೋಕಕ್ಕೆ ಬಂದು ಕಡುಬು ಮೋದಕಗಳನ್ನು ಉಂಡು, ಹಿಂದಿರುಗಿ 'ಎಲ್ಲರೂ ಸುಖವಾಗಿದ್ದಾರೆ' ಎಂದು ಶಿವನಿಗೆ ಹೇಳುತ್ತಾನಂತೆ. ಜೋಕುಮಾರನಾದರೋ ಕೇರಿಕೇರಿ ತಿರುಗಿ, ಬತ್ತಿದ ಕೆರೆಗಳನ್ನೂ ಒಣಗಿದ ಬೆಳೆಯನ್ನೂ ಕಂಡು, 'ಮಳೆಯಿಲ್ಲದೆ ಜನ ಸಾಯುತ್ತಿದ್ದಾರೆ' ಎಂಬ ನಿಜವನ್ನು ಮುಟ್ಟಿಸುತ್ತಾನೆ. ಆದುದರಿಂದ ಅವನು ಸತ್ತ ಮೇಲೆ ಮಳೆ ಬರುತ್ತದೆ. ಹುಣ್ಣಿಮೆಯ ರಾತ್ರಿ ಅವನನ್ನು ಕೊಂದು, ಹಳ್ಳದ ದಂಡೆಯಲ್ಲಿರುವ ಅಗಸರ ಕಲ್ಲಿನ ಬಳಿ ಬಿಟ್ಟುಬರುತ್ತಾರೆ. ಆ ರಾತ್ರಿ ಹಳ್ಳದ ಕಡೆಯಿಂದ ಅವನ ನರಳಾಟ ಕೇಳಿಸುತ್ತದೆಂದು ಹೇಳಿ ಯಾರೂ ಅತ್ತ ಹೋಗುವುದಿಲ್ಲ. ಮೂರು ದಿನ ಅಗಸರು ಆ ಕಲ್ಲಿನ ಮೇಲೆ ಬಟ್ಟೆ ಒಗೆಯುವುದಿಲ್ಲ. ವರ್ಷದ ಉಳಿದ ದಿನಗಳಲ್ಲಿ ಅರಿವೆ ಒಗೆಯುವ ಬಂಡೆಯಾಗಿರುವುದು ಮೂರು ದಿನ ಮಾತ್ರ ಸಮಾಧಿಯಾಗುತ್ತದೆ. ಬಡವರ ಕಷ್ಟವನ್ನು ಇದ್ದಂತೆ ಹೇಳುವವನು ಬಾಳುವುದು ಏಳೇ ದಿನವೆಂದು ಕಥೆ ಕಟ್ಟಿದವರು ಲೋಕವನ್ನು ಚೆನ್ನಾಗಿ ಬಲ್ಲವರೇ ಇರಬೇಕು.

ನೀರಿಗೆ ಸಂಬಂಧಿಸಿದ ಇನ್ನೊಂದು ಕಥೆ 'ಕೆರೆಗೆ ಹಾರ'. ಕೆರೆ ಕಟ್ಟಿಸಿದರೂ ನೀರು ಬರಲಿಲ್ಲ, ಸೊಸೆಯರಲ್ಲಿ ಒಬ್ಬಳನ್ನು ಬಲಿ ಕೊಡಬೇಕೆಂದು ಹೊತ್ತಗೆ ಹೇಳಿತು, ಕಿರಿಯ ಸೊಸೆ ಭಾಗೀರಥಿ ಕೆರೆಗೆ ಹಾರವಾದಳು, ಕೆರೆ ತುಂಬಿತು, ದಂಡಿನಿಂದ ಮರಳಿದ ಗಂಡನೂ ಅದೇ ನೀರಿಗೆ ಹಾರಿದ. ಹಾಡಿನಲ್ಲಿ ಊರಿನ ಹೆಸರೂ ಗೌಡನ ಹೆಸರೂ ಬರುತ್ತವೆಯಾದರೂ, ಇದೇ ಬಗೆಯ ಕಥೆಯನ್ನು ನಾಡಿನ ಹಲವು ಕೆರೆಗಳ ಏರಿಯ ಮೇಲೆ ನಿಂತು ಹೇಳುವುದುಂಟು. ಏರಿಯ ಮಗ್ಗುಲಲ್ಲಿ ಹೆಣ್ಣಿನ ಆಕೃತಿಯ ಒಂದು ಮಾಸ್ತಿಕಲ್ಲು ಇದ್ದರಂತೂ ಸಾಕು, ಅದೇ ಕೆರೆಗೆ ಹಾರವಾದವಳ ಕಲ್ಲಾಗುತ್ತದೆ. ಕೆರೆಯೊಂದನ್ನು ಕಟ್ಟುವುದರಲ್ಲಿ ಎಷ್ಟು ಜನರ ಬೆವರು, ಎಷ್ಟು ಜನರ ಜೀವ ಹೋಗಿತ್ತೆಂಬುದನ್ನು ಯಾವ ಶಾಸನವೂ ಲೆಕ್ಕವಿಟ್ಟಿಲ್ಲ. ಶಾಸನಗಳು ಕಟ್ಟಿಸಿದವರನ್ನು ಹೆಸರಿಸುತ್ತವೆ. ಹಾಡು ಹೆಸರಿಸುವುದು ಸತ್ತವಳನ್ನು.

ಗದಗಿನ ವೀರನಾರಾಯಣ ದೇವಾಲಯದಲ್ಲಿ ಒಂದು ಕಂಬವಿದೆ. ಗದುಗಿನ ನಾರಣಪ್ಪನೆಂಬ ಕುಮಾರವ್ಯಾಸನು ಆ ಕಂಬಕ್ಕೆ ಒರಗಿ ಕುಳಿತು ಭಾರತವನ್ನು ರಚಿಸಿದನೆಂದು ಬಂದವರಿಗೆಲ್ಲ ತೋರಿಸುತ್ತಾರೆ. ಸ್ನಾನ ಮಾಡಿ ಒದ್ದೆಯ ಬಟ್ಟೆಯಲ್ಲಿಯೇ ಬಂದು ಕುಳಿತುಕೊಳ್ಳುತ್ತಿದ್ದನಂತೆ. ಬಟ್ಟೆಯ ಪಸೆ ಆರುವವರೆಗೆ ಪದ್ಯಗಳು ಧಾರೆಯಾಗಿ ಹರಿಯುತ್ತಿದ್ದುವಂತೆ. ಆರಿದ ಕೂಡಲೇ ನಿಲ್ಲುತ್ತಿದ್ದುವಂತೆ. ಇದಕ್ಕಿಂತ ಸ್ವಾರಸ್ಯವಾದ ಇನ್ನೊಂದು ಕಥೆಯುಂಟು. ಗುಡಿಯ ಸಂತರ್ಪಣೆಗೆ ಬಂದು ಎಲ್ಲರಿಗಿಂತ ಕೊನೆಗೆ ಏಳುತ್ತಿದ್ದ ಬ್ರಾಹ್ಮಣನೊಬ್ಬನ ಬೆನ್ನುಹತ್ತಿ ಹೋದಾಗ ಆತ ಅಶ್ವತ್ಥಾಮನೆಂದು ಕವಿಗೆ ತಿಳಿಯಿತು. ಚಿರಂಜೀವಿಯಾದ ಅಶ್ವತ್ಥಾಮ ಕುರುಕ್ಷೇತ್ರವನ್ನು ಕಣ್ಣಾರೆ ಕಂಡವನು. ಗುಟ್ಟನ್ನು ಬಿಟ್ಟುಕೊಡಬಾರದೆಂಬ ಕಟ್ಟಳೆಯ ಮೇಲೆ ಆತ ಕಥೆ ಹೇಳಲು ಒಪ್ಪಿದ. ಗದಾಪರ್ವದ ಹೊತ್ತಿಗೆ ಕಟ್ಟಳೆ ಮುರಿಯಿತು; ಅಶ್ವತ್ಥಾಮ ಮಾಯವಾದ; ಕಾವ್ಯ ಅಲ್ಲಿಗೆ ನಿಂತಿತು. ಕಟ್ಟಳೆ ಮುರಿದುದು ಹೇಗೆಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಹೇಳುತ್ತಾರೆ.

ಈ ಕಥೆ ಸುಮ್ಮನೆ ಹುಟ್ಟಿದುದಲ್ಲ. ವ್ಯಾಸಭಾರತದಲ್ಲಿ ಹದಿನೆಂಟು ಪರ್ವಗಳಿದ್ದರೆ ಕುಮಾರವ್ಯಾಸನ ಭಾರತದಲ್ಲಿ ಹತ್ತೇ ಪರ್ವಗಳಿವೆ. ಉಳಿದ ಭಾಗವನ್ನು ಮುಂದೆ ಶ್ರೀಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಕನ್ನಡಕ್ಕೆ ತಂದನು. ಇಷ್ಟು ದೊಡ್ಡ ಕವಿ ನಡುವೆಯೇ ಏಕೆ ನಿಲ್ಲಿಸಿದನೆಂಬ ಪ್ರಶ್ನೆ ಕಾವ್ಯವನ್ನು ಕೇಳಿದ ಜನರನ್ನು ಕಾಡಿರಬೇಕು. ವಿದ್ವಾಂಸರು ಅದಕ್ಕೆ ತಮ್ಮದೇ ಕಾರಣಗಳನ್ನು ಕೊಟ್ಟರು. ಜನ ಅಶ್ವತ್ಥಾಮನನ್ನು ತಂದರು. ಐತಿಹ್ಯವು ಬಹಳ ಸಲ ಹೀಗೆ ಒಂದು ನಿಜವಾದ ಪ್ರಶ್ನೆಗೆ ಕೊಟ್ಟ ಉತ್ತರವಾಗಿರುತ್ತದೆ. ಉತ್ತರ ತಪ್ಪಿದ್ದರೂ ಪ್ರಶ್ನೆ ಸುಳ್ಳಲ್ಲ. ಕಾವ್ಯವನ್ನು ಕೇಳುತ್ತಿದ್ದಾಗ ಯುದ್ಧವನ್ನು ಎದುರಿಗೇ ಕಂಡಂತಾಗುವುದೆಂಬ ಮೆಚ್ಚಿಕೆಯೂ ಅದರಲ್ಲಿ ಅಡಗಿದೆ: ಕಣ್ಣಾರೆ ಕಂಡವನು ಹೇಳಿರದಿದ್ದರೆ ಹೀಗೆ ಬರೆಯಲು ಹೇಗೆ ಸಾಧ್ಯ!

ಗದಗಿನ ಪೂರ್ವಕ್ಕೆ ಇರುವ ಲಕ್ಕುಂಡಿಯಲ್ಲಿ ಐತಿಹ್ಯವು ಬಾಯಿಂದ ಕಲ್ಲಿಗೆ ಏರಿದೆ. 1007ರಲ್ಲಿ ಅಲ್ಲಿ ಬಸದಿಯನ್ನು ಕಟ್ಟಿಸಿದ ಅತ್ತಿಮಬ್ಬೆ ಐತಿಹಾಸಿಕ ವ್ಯಕ್ತಿ. ರನ್ನನು 993ರಲ್ಲಿ ಅಜಿತಪುರಾಣವನ್ನು ಬರೆದುದು ಅವಳ ಆಶ್ರಯದಲ್ಲಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳೂ ಅವಳೇ. ಆದರೆ ಅವಳ ಜೀವಿತಕಾಲದಲ್ಲಿಯೇ ಹುಟ್ಟಿದ ಶಾಸನದಲ್ಲಿ, ಉಕ್ಕಿದ ಗೋದಾವರಿಯು ಅವಳಿಗಾಗಿ ತಡೆದು ನಿಂತಿತೆಂಬಂಥ ಪವಾಡಗಳೂ ಸೇರಿವೆ. ಐತಿಹ್ಯ ಬೆಳೆಯಲು ನೂರಾರು ವರ್ಷ ಬೇಕೆಂಬುದು ನಿಜವಲ್ಲ. ಜನ ಮನಸಾರೆ ಮೆಚ್ಚಿದ ವ್ಯಕ್ತಿಯ ಸುತ್ತ ಅದು ಕಣ್ಣೆದುರಿಗೇ ಹುಟ್ಟುತ್ತದೆ. ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಇದ್ದುವೆಂಬ ಮಾತೂ ಇದೆ. ನೂರೊಂದು ಎಂಬುದು ಎಣಿಸಿದ ಸಂಖ್ಯೆಯಲ್ಲ, ಬಹಳ ಎಂಬುದಕ್ಕೆ ಜನ ಇಟ್ಟ ಹೆಸರು. ಆದರೂ ಊರಲ್ಲಿ ಇಂದಿಗೂ ಉಳಿದಿರುವ ಗುಡಿಗಳನ್ನೂ ಮೆಟ್ಟಿಲ ಬಾವಿಗಳನ್ನೂ ಕಂಡವರು ಆ ಮಾತನ್ನು ಪೂರ್ತಿ ತಳ್ಳಿಹಾಕಲಾರರು.

ಈ ಸೀಮೆಯ ಚಾಲುಕ್ಯ ಶೈಲಿಯ ಯಾವ ಗುಡಿಯನ್ನು ತೋರಿಸಿದರೂ 'ಜಕಣಾಚಾರಿ ಒಂದೇ ರಾತ್ರಿಯಲ್ಲಿ ಕಟ್ಟಿದ್ದು' ಎಂದು ಹೇಳುವವರಿದ್ದಾರೆ. ಡಂಬಳದ ದೊಡ್ಡಬಸಪ್ಪ, ಇಟಗಿಯ ಮಹಾದೇವ, ಲಕ್ಕುಂಡಿಯ ಕಾಶೀವಿಶ್ವೇಶ್ವರ ಎಲ್ಲವೂ ಅವನ ಪಾಲಿಗೇ. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಅಧಿಕಾರಿಗಳು ಕೂಡ ಈ ಮಾತನ್ನು ಕೇಳಿ ಇಂಥ ಗುಡಿಗಳನ್ನು ಜಕಣಾಚಾರಿಯ ಗುಡಿಗಳೆಂದೇ ಬರೆದಿಟ್ಟರು. ಇಟಗಿಯ ಗುಡಿ 1112ರದು. ಬೇಲೂರಿನ ಚೆನ್ನಕೇಶವ 1117ರದು. ಲಕ್ಕುಂಡಿಯ ಬಸದಿ ಅವೆರಡಕ್ಕಿಂತ ನೂರು ವರ್ಷ ಹಿಂದಿನದು. ಒಬ್ಬನ ಆಯುಷ್ಯಕ್ಕೆ ಇವೆಲ್ಲ ಸಲ್ಲುವ ಕೆಲಸವಲ್ಲ. ಹೆಸರಿಲ್ಲದೆ ದುಡಿದು ಮಡಿದ ಸಾವಿರಾರು ಓಜರಿಗೆ ಜನ ಕೊಟ್ಟ ಒಂದೇ ಹೆಸರು ಜಕಣಾಚಾರಿ ಎಂದು ತಿಳಿದರೆ ತಪ್ಪಾಗಲಾರದು.

ಇಲ್ಲಿ ದೂರದ ಒಂದು ದೇಶದ ಕಡೆಗೆ ನೋಡುವುದು ಒಳ್ಳೆಯದು. ಯೂರೋಪಿನ ಉತ್ತರದಲ್ಲಿ ಸ್ವೀಡನ್ ಎಂಬ ನಾಡಿದೆ. ಹಿಮ, ಸರೋವರ, ಪೈನ್ ಮರದ ಕಾಡುಗಳ ಆ ನಾಡಿಗೂ ಎರೆಯ ಬಯಲಿಗೂ ಏನೂ ಹೋಲಿಕೆಯಿಲ್ಲ. ಆದರೂ ಅಲ್ಲಿಯ ರೈತರೂ ತಮ್ಮ ನೆಲದ ತುಂಬ ಕಥೆಗಳನ್ನು ಬಿತ್ತಿದ್ದಾರೆ. ಸ್ವೀಡನ್ನಿನ ಹೊಲಗಳ ನಡುವೆ ಅಲ್ಲಲ್ಲಿ ಮನೆಯಷ್ಟು ದೊಡ್ಡ ಬಂಡೆಗಳು ಒಂಟಿಯಾಗಿ ಬಿದ್ದಿವೆ. ಇಗರ್ಜಿಯ ಗಂಟೆಯ ಸದ್ದನ್ನು ಸಹಿಸಲಾರದ ದೈತ್ಯರು ಅದರ ಮೇಲೆ ಬೀಸಿ ಒಗೆದ ಕಲ್ಲುಗಳಿವು, ಗುರಿ ತಪ್ಪಿ ಇಲ್ಲಿ ಬಿದ್ದುವು ಎಂದು ಅಲ್ಲಿಯ ಜನ ಹೇಳುತ್ತಿದ್ದರು. ಹತ್ತಾರು ಸಾವಿರ ವರ್ಷಗಳ ಹಿಂದೆ ಆ ನಾಡನ್ನು ಮುಚ್ಚಿದ್ದ ಹಿಮದ ಹೊದಿಕೆ ಅವನ್ನು ದೂರದಿಂದ ಹೊತ್ತು ತಂದು, ಕರಗುವಾಗ ಇಳಿಸಿಹೋಯಿತೆಂದು ಭೂವಿಜ್ಞಾನಿಗಳು ಕಂಡುಕೊಂಡದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಕಲ್ಲು ಈ ಸ್ಥಳದ್ದಲ್ಲ, ಬೇರೆಡೆಯಿಂದ ಬಂದದ್ದು ಎಂಬುದನ್ನು ಮಾತ್ರ ರೈತರು ಅದಕ್ಕೆ ಎಷ್ಟೋ ಮೊದಲೇ ಸರಿಯಾಗಿ ಗುರುತಿಸಿದ್ದರು. ತೊರೆ ಮಡುಗಳಲ್ಲಿ ಕುಳಿತು ಪಿಟೀಲು ನುಡಿಸುವ ನೆಕ್ಕೆನ್ ಎಂಬ ಜಲಪುರುಷ, ಹಾಡಿನ ಮೋಡಿಗೆ ಒಳಗಾದವರನ್ನು ನೀರಿಗೆ ಎಳೆದುಕೊಳ್ಳುತ್ತಿದ್ದನಂತೆ. ಮಕ್ಕಳನ್ನು ಮಡುವಿನಿಂದ ದೂರವಿಡಲು ಇದಕ್ಕಿಂತ ಒಳ್ಳೆಯ ಉಪಾಯ ತಾಯಂದಿರಿಗೆ ಸಿಕ್ಕಿರಲಾರದು. ಇಲ್ಲಿ ಹಾಳುಬಾವಿಯೊಳಗಿನ ದೆವ್ವ ಮಾಡುವ ಕೆಲಸವನ್ನೇ ಅಲ್ಲಿ ನೆಕ್ಕೆನ್ ಮಾಡುತ್ತಾನೆ.

ಎರಡು ನಾಡುಗಳ ಶಿಲಾಸಮಾಧಿಗಳನ್ನು ಹೋಲಿಸಿದರೆ ಒಂದು ವಿಚಿತ್ರ ಕಾಣುತ್ತದೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಸುಮಾರು ನಾನೂರು ಬೃಹತ್ ಶಿಲಾಸಮಾಧಿಗಳಿವೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಕಬ್ಬಿಣಯುಗದ ಜನ ಚಪ್ಪಡಿಗಳನ್ನು ಗೋಡೆಯಂತೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಇವನ್ನು ಕಟ್ಟಿದರು. ಹಲವಕ್ಕೆ ಎದುರಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿದೆ. ಇವುಗಳಿಗೆ ಜನರಿಟ್ಟ ಹೆಸರು ಮೊರೇರ ಮನೆಗಳು. ಮೊರೇರೆಂದರೆ ಹಿಂದೆ ಬಾಳಿದ್ದ ಗಿಡ್ಡ ಜನ. ಬಾಗಿಲು ಇಷ್ಟು ಚಿಕ್ಕದಾದ ಮೇಲೆ ಒಳಗೆ ಇದ್ದವರೂ ಚಿಕ್ಕವರೇ ಇರಬೇಕಷ್ಟೆ! ಸ್ವೀಡನ್ನಿನಲ್ಲಿಯೂ ಇದೇ ರೀತಿ ಚಪ್ಪಡಿಗಳಿಂದ ಕಟ್ಟಿದ, ಇವಕ್ಕಿಂತಲೂ ಬಹಳ ಹಳೆಯದಾದ ಸಮಾಧಿಗಳಿವೆ. ಅವಕ್ಕೆ ಅಲ್ಲಿಯ ಹಳ್ಳಿಗರ ಹೆಸರು ದೈತ್ಯರ ಮನೆ. ಇಷ್ಟು ಭಾರದ ಕಲ್ಲನ್ನು ಮನುಷ್ಯಮಾತ್ರದವನು ಎತ್ತಲಾರನಷ್ಟೆ! ಕಿಂಡಿಯನ್ನು ನೋಡಿದವರು ಕುಳ್ಳರನ್ನು ಕಂಡರು. ಚಾವಣಿಯನ್ನು ನೋಡಿದವರು ದೈತ್ಯರನ್ನು ಕಂಡರು. ಇಬ್ಬರೂ ಕಣ್ಣಿಗೆ ಬಿದ್ದ ವಸ್ತುವಿನಿಂದಲೇ ತರ್ಕ ಮಾಡಿದರು. ಸಮಾಧಿಯನ್ನು ಮನೆಯೆಂದು ತಿಳಿದದ್ದು ಇಬ್ಬರೂ ಮಾಡಿದ ತಪ್ಪು.

ನಂಬಿಕೆಗಳೆಲ್ಲವೂ ನಿರಪಾಯಕಾರಿಯೆಂದು ಭಾವಿಸಬಾರದು. ಸ್ವೀಡನ್ನಿನ ಪೂರ್ವ ಕರಾವಳಿಯಾಚೆ ಸಮುದ್ರದ ನಡುವೆ ಗುಮ್ಮಟದಂತೆ ಎದ್ದ ಒಂದು ಕಲ್ಲು ದ್ವೀಪವನ್ನು ಜನ ಬ್ಲೋಕುಲ್ಲ ಎನ್ನುತ್ತಿದ್ದರು. ಮಾಟಗಾತಿಯರು ಅಲ್ಲಿ ಸೈತಾನನ ಔತಣಕ್ಕೆ ಸೇರುವರೆಂಬುದು ಕಥೆ. ಸಸ್ಯವಿಜ್ಞಾನಿ ಲಿನೇಯಸ್ 1741ರಲ್ಲಿ ಆ ದ್ವೀಪಕ್ಕೆ ಹೋಗಿ, ಅಲ್ಲಿಯ ಗಿಡಗಂಟಿಗಳನ್ನು ಪರಿಶೀಲಿಸಿ ಬಂದನು. ಆದರೆ ಅದಕ್ಕೆ ಮೊದಲು, 1668ರಿಂದ 1676ರವರೆಗೆ, ಬ್ಲೋಕುಲ್ಲಕ್ಕೆ ಹೋಗಿಬಂದರೆಂಬ ಆರೋಪದ ಮೇಲೆ, ಬಹುಮಟ್ಟಿಗೆ ಚಿಕ್ಕ ಮಕ್ಕಳ ಸಾಕ್ಷ್ಯವನ್ನೇ ನಂಬಿ, ನೂರಾರು ಜನರನ್ನು ಕೊಲ್ಲಲಾಯಿತು. ಅವರಲ್ಲಿ ಹೆಂಗಸರೇ ಹೆಚ್ಚು. ಸ್ಥಳದ ಕಥೆಯೊಂದು ನ್ಯಾಯಾಲಯಕ್ಕೆ ಸಾಕ್ಷಿಯಾಗಿ ನಡೆದುಬಂದಾಗ ಆದ ಅನಾಹುತ ಇದು.

ಕನ್ನಡ ನಾಡಿನಲ್ಲಿ ಹಾಗೆ ಹಾನಿ ಮಾಡುತ್ತಿರುವ ಕಥೆ ಯಾವುದೆಂದರೆ ನಿಧಿಯದು. ವೀರಗಲ್ಲಿನ ಕೆಳಗೆ, ಬಸವಣ್ಣನ ಮೂರ್ತಿಯ ಹೊಟ್ಟೆಯಲ್ಲಿ, ಲಿಂಗದ ಪೀಠದಡಿಯಲ್ಲಿ ಹೊನ್ನಿದೆಯೆಂದು ನಂಬಿ ರಾತ್ರಿಯ ವೇಳೆ ಹಾರೆ ಗುದ್ದಲಿಗಳೊಡನೆ ಹೋಗುವವರು ಇಂದಿಗೂ ಇದ್ದಾರೆ. ಒಂಟಿಯಾಗಿ ನಿಂತ ಗುಡಿಗಳ ಗರ್ಭಗೃಹ ಅಗೆದಿರುವುದನ್ನೂ, ನಂದಿಯ ತಲೆ ಒಡೆದಿರುವುದನ್ನೂ, ಶಾಸನದ ಕಲ್ಲು ತುಂಡಾಗಿ ಬಿದ್ದಿರುವುದನ್ನೂ ನಾಡಿನ ಮೂಲೆಮೂಲೆಗಳಲ್ಲಿ ಕಾಣಬಹುದು. ವೀರಗಲ್ಲು ಊರಿಗಾಗಿ, ತುರುಗಳಿಗಾಗಿ ಹೋರಾಡಿ ಸತ್ತವನ ನೆನಪಿಗೆ ನೆಟ್ಟ ಕಲ್ಲು. ಅದರ ಕೆಳಗೆ ಹೊನ್ನನ್ನು ಹೂಳುವ ಪದ್ಧತಿಯಿರಲಿಲ್ಲ. ಅಗೆದವನಿಗೆ ಮಣ್ಣು ಸಿಕ್ಕುತ್ತದೆ. ಊರಿಗಿದ್ದ ಇತಿಹಾಸದ ಒಂದೇ ಪುಟ ಹರಿದುಹೋಗುತ್ತದೆ. ಹಾಗೆಂದು ನಿಧಿಯ ಮಾತು ಪೂರ್ತಿ ಬುಡವಿಲ್ಲದ್ದೆಂದೂ ಅಲ್ಲ. ಬ್ಯಾಂಕುಗಳಿಲ್ಲದ ಕಾಲದಲ್ಲಿ, ದಂಡು ಬರುತ್ತದೆಂಬ ಭಯದಲ್ಲಿ, ಜನ ನಾಣ್ಯ ಒಡವೆಗಳನ್ನು ಗಡಿಗೆಯಲ್ಲಿಟ್ಟು ಹೂಳುತ್ತಿದ್ದುದು ನಿಜ. ಲೊಕ್ಕಿಗುಂಡಿ ಎಂಬ ಹಳೆಯ ಹೆಸರಿನ ಲಕ್ಕುಂಡಿಯಲ್ಲಿ ಟಂಕಸಾಲೆಯಿತ್ತು. ಲೊಕ್ಕಿಗದ್ಯಾಣವೆಂಬ ಹೊನ್ನಿನ ನಾಣ್ಯದ ಹೆಸರು ಶಾಸನಗಳಲ್ಲಿ ಬರುತ್ತದೆ. ಆದರೆ ಭೂಮಿಯಲ್ಲಿ ಆಕಸ್ಮಿಕವಾಗಿ ದೊರೆತ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂಬ ಕಾಯಿದೆ 1878ರಷ್ಟು ಹಳೆಯದು. ಈ ರಾಜ್ಯಕ್ಕೆ ಪ್ರತ್ಯೇಕವಾಗಿ 1962ರಲ್ಲಿಯೂ ಕಾಯಿದೆಯಾಯಿತು. ನಿಧಿಯ ಆಸೆಗೆ ನಡೆಸುವ ಅಮಾನವೀಯ ಆಚರಣೆಗಳನ್ನು 2017ರಲ್ಲಿ ಅಂಗೀಕಾರವಾದ ಮೌಢ್ಯ ನಿಷೇಧದ ಕಾಯಿದೆಯು ಅಪರಾಧವೆಂದು ಸಾರಿದೆ.

ಬಂಗಾರದ ಕಥೆಗೂ ನಿಜಕ್ಕೂ ಇರುವ ನಂಟನ್ನು ಕಾಣಬೇಕಾದರೆ ಕಪ್ಪತಗುಡ್ಡಕ್ಕೆ ಹೋಗಬೇಕು. ಬಿಂಕದಕಟ್ಟಿಯ ಬಳಿ ತಲೆಯೆತ್ತಿದ ಈ ಗುಡ್ಡದ ಸಾಲು ಗದಗು, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಸುಮಾರು 60 ಕಿಲೋಮೀಟರು ಹಬ್ಬಿ, ಸಿಂಗಟಾಲೂರಿನ ಬಳಿ ತುಂಗಭದ್ರೆಯ ದಂಡೆಯಲ್ಲಿ ಮುಗಿಯುತ್ತದೆ. ಎಪ್ಪತ್ತು ಗಿರಿಗಳನ್ನು ಸುತ್ತುವುದಕ್ಕಿಂತ ಕಪ್ಪತಗಿರಿಯೊಂದನ್ನು ನೋಡಿದರೆ ಸಾಕೆಂದು ಜನ ಗಾದೆಯ ಮಾತಿನಲ್ಲಿ ಹೇಳುತ್ತಾರೆ. ಗುಡ್ಡದೊಡೆಯ ಕಪ್ಪತ ಮಲ್ಲಯ್ಯನಿಗೆ ಶ್ರಾವಣದಲ್ಲಿ ಜನ ಗುಂಪುಗುಂಪಾಗಿ ಹತ್ತುತ್ತಾರೆ. ಇಲ್ಲಿಯ ಗಿಡಮೂಲಿಕೆಗಳ ಹೆಸರು ದೂರದವರೆಗೂ ಹಬ್ಬಿದೆ. ಔಷಧಿ ಬೆಳೆಯುವ ಬೆಟ್ಟವೆಂದರೆ ಹನುಮಂತ ಹೊತ್ತೊಯ್ದ ಸಂಜೀವಿನಿಯ ಚೂರು ಅಲ್ಲಿ ಬಿದ್ದಿತ್ತೆಂಬ ಕಥೆ ದೇಶದ ಹಲವು ಬೆಟ್ಟಗಳಿಗೆ ಅಂಟಿಕೊಂಡಿದೆ. ಮೂಲಿಕೆಯನ್ನು ಬಲ್ಲ ವೈದ್ಯರು ಮೊದಲು ಗಿಡಕ್ಕೆ ಕೈಮುಗಿದು ಬಳಿಕ ಬೇರನ್ನು ಕೀಳುವ ರೂಢಿಯೂ ಹಾಗೆಯೇ ಬೆಳೆದಿದೆ. ಗುಡ್ಡದ ಗಾಳಿ ಇಡೀ ಏಷ್ಯಾದಲ್ಲಿಯೇ ಶುದ್ಧವೆಂಬ ಮಾತು ಈಚಿನ ವರ್ಷಗಳಲ್ಲಿ ಕೇಳಿಬರುತ್ತಿದೆ. ಗಾಳಿ ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ; ಆದರೆ ಆ ಮಾತು ಬಾಯಿಂದ ಬಾಯಿಗೆ ಹಬ್ಬಿದ ರೀತಿಯನ್ನು ನೋಡಿದರೆ ಐತಿಹ್ಯಗಳು ಹುಟ್ಟುವ ಕಾಲ ಮುಗಿದಿಲ್ಲವೆಂದು ತೋರುತ್ತದೆ.

ಗುಡ್ಡದ ಒಡಲಲ್ಲಿ ಬಂಗಾರವಿದೆಯೆಂದು ಹಿರಿಯರು ಹೇಳುತ್ತಿದ್ದರು. ಇದು ಕಟ್ಟುಕಥೆಯಲ್ಲ. ಸೊರಟೂರಿನ ಸುತ್ತಿನ ಹಳ್ಳಗಳಲ್ಲಿ ಜಲಗಾರರೆಂಬ ಜನರಿದ್ದರು. ಮಳೆ ಬಂದು ಹಳ್ಳ ಹರಿದು ಇಳಿದ ಮೇಲೆ ಅವರು ಹಳ್ಳದ ಮಣ್ಣನ್ನು ಮರದ ಮರಿಗೆಯಲ್ಲಿ ತುಂಬಿ, ನೀರು ಹಾಕಿ ತಿರುವುತ್ತಿದ್ದರು. ಹಗುರಾದ ಮಣ್ಣು ಮರಳು ನೀರಿನೊಡನೆ ಹೊರಚೆಲ್ಲಿ, ತೂಕದ ಬಂಗಾರದ ಕಣಗಳು ತಳದಲ್ಲಿ ನಿಲ್ಲುತ್ತಿದ್ದುವು. ದಿನವಿಡೀ ಬೆನ್ನು ಬಗ್ಗಿಸಿ ದುಡಿದರೂ ಕೂಲಿಗೆ ಸಾಲುವಷ್ಟು ಮಾತ್ರ ದೊರೆಯುತ್ತಿತ್ತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಈ ಗುಡ್ಡಗಳನ್ನು ಸುತ್ತಿ, ಜಲಗಾರರ ಕೆಲಸವನ್ನೂ ಗಮನಿಸಿ, 1874ರಲ್ಲಿ ಡಂಬಳದ ಗುಡ್ಡಗಳ ಬಂಗಾರದ ಶಿಲೆಗಳ ಮೇಲೆ ಲೇಖನವನ್ನು ಪ್ರಕಟಿಸಿದನು. ಈ ಬಗೆಯ ಪ್ರಾಚೀನ ಶಿಲೆಗಳಿಗೆ ಧಾರವಾಡದ ಹೆಸರನ್ನಿಟ್ಟವನೂ ಅವನೇ; ಜಗತ್ತಿನ ಭೂವಿಜ್ಞಾನಿಗಳು ಇಂದಿಗೂ ಆ ಹೆಸರನ್ನು ಬಳಸುತ್ತಾರೆ. ಮುಂದೆ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಬಲಾಯತಕಟ್ಟಿಯ ಸುತ್ತ ಕಂಪನಿಯವರು ಗಣಿಯನ್ನೂ ತೋಡಿದರು. ಲಾಭ ಸಾಲದೆ ಕೆಲವೇ ವರ್ಷಗಳಲ್ಲಿ ಬಿಟ್ಟುಹೋದರು.

ಆದರೆ ಬಂಗಾರದ ಆಸೆ ಗುಡ್ಡವನ್ನು ಬಿಟ್ಟುಹೋಗಲಿಲ್ಲ. ಒಂದೇ ಗುಡ್ಡಕ್ಕೆ ಅಂಟಿದ ಎರಡು ಮಾತುಗಳು ಇಪ್ಪತ್ತೊಂದನೆಯ ಶತಮಾನದಲ್ಲಿ ಎದುರುಬದುರಾಗಿ ನಿಂತುವು. ಗುಡ್ಡದಲ್ಲಿ ಬಂಗಾರವಿದೆ, ಅಗೆಯಬೇಕು ಎಂಬುದೊಂದು. ಗುಡ್ಡ ಮಲ್ಲಯ್ಯನದು, ಮೂಲಿಕೆಗಳದು, ಮಳೆಯನ್ನು ತಡೆದು ಕೊಡುವಂಥದು, ಮುಟ್ಟಬಾರದು ಎಂಬುದು ಮತ್ತೊಂದು. 2015ರಲ್ಲಿ ಸರಕಾರವು ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದು ಸಾರಿ, 2016ರಲ್ಲಿ ಆ ಆಜ್ಞೆಯನ್ನು ಹಿಂತೆಗೆದುಕೊಂಡಿತು. ಆಗ ಗದಗಿನಲ್ಲಿ ರೈತರು, ಮಠಾಧೀಶರು, ವಿದ್ಯಾರ್ಥಿಗಳು, ಬರಹಗಾರರು ಒಂದಾಗಿ ಪ್ರತಿಭಟಿಸಿದರು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು. ಹಿರಿಯ ಸ್ವಾತಂತ್ರ್ಯಯೋಧ ಎಚ್. ಎಸ್. ದೊರೆಸ್ವಾಮಿಯವರೂ ಜೊತೆಗೂಡಿದರು. 2017ರಲ್ಲಿ ರಕ್ಷಣೆಯ ಆಜ್ಞೆ ಮರಳಿ ಬಂದಿತು. 2019ರಲ್ಲಿ 244 ಚದರ ಕಿಲೋಮೀಟರಿನಷ್ಟು ಭಾಗವು ವನ್ಯಜೀವಿಧಾಮವಾಯಿತು. ತೋಳ, ಚಿರತೆ, ಕತ್ತೆಕಿರುಬಗಳ ಲೆಕ್ಕವನ್ನೂ ಸಸ್ಯಗಳ ಪಟ್ಟಿಯನ್ನೂ ವಿಜ್ಞಾನಿಗಳು ಮುಂದಿಟ್ಟುದರಿಂದ ಈ ವಾದಕ್ಕೆ ಬಲ ಬಂದುದು ದಿಟ. ಆದರೆ ಆ ಪಟ್ಟಿಯನ್ನು ಎಂದೂ ಓದದ ಸಾವಿರಾರು ಜನ ಬೀದಿಗೆ ಬಂದುದಕ್ಕೆ ಗುಡ್ಡವು ತಮ್ಮದೆಂಬ ಹಳೆಯ ಕಥೆಗಳೂ ಕಾರಣವಾಗಿರಬೇಕು.

ಇಂಥ ಕಥೆಗಳನ್ನು ಬರೆದಿಡುವ ಕೆಲಸ ಎರಡೂ ನಾಡುಗಳಲ್ಲಿ ನಡೆದಿದೆ. ಸ್ವೀಡನ್ನಿನ ಸರಕಾರವು 1666ರಷ್ಟು ಹಿಂದೆಯೇ ಪ್ರಾಚೀನ ಸ್ಮಾರಕಗಳನ್ನು ಕೆಡಿಸಬಾರದೆಂದು ಆಜ್ಞೆ ಹೊರಡಿಸಿತು. ಮರುವರ್ಷದಿಂದ ಊರೂರಿನ ಪಾದ್ರಿಗಳು ತಮ್ಮ ಸೀಮೆಯ ಶಾಸನಶಿಲೆ, ದಿಬ್ಬ, ಗುಹೆಗಳ ವಿವರವನ್ನೂ ಅವುಗಳ ಮೇಲೆ ಜನ ಹೇಳುವ ಕಥೆಗಳನ್ನೂ ಬರೆದು ಕಳುಹಿಸಿದರು. ಆ ದೇಶದಲ್ಲಿ ಈಗಿರುವ, 1988ರಲ್ಲಿ ರೂಪುಗೊಂಡ ಕಾಯಿದೆಯಲ್ಲಿ ಒಂದು ವಿಶೇಷವುಂಟು: ಮನುಷ್ಯರು ಕಟ್ಟಿದ ಸ್ಮಾರಕಗಳನ್ನಷ್ಟೇ ಅಲ್ಲದೆ, ಹಳೆಯ ಆಚರಣೆ ಇಲ್ಲವೆ ಐತಿಹ್ಯ ಅಂಟಿಕೊಂಡಿರುವ ನೈಸರ್ಗಿಕ ಬಂಡೆ ಬುಗ್ಗೆಗಳನ್ನೂ ಅದು ಸ್ಮಾರಕಗಳ ಸಾಲಿಗೆ ಸೇರಿಸುತ್ತದೆ. ದೈತ್ಯನು ಒಗೆದನೆಂಬ ಕಲ್ಲನ್ನು ಅಲ್ಲಿ ರಸ್ತೆಗಾಗಿ ಸುಲಭವಾಗಿ ಒಡೆಯುವಂತಿಲ್ಲ. ಕರ್ನಾಟಕದಲ್ಲಿ ಕರ್ನಲ್ ಮೆಕೆಂಜಿಯ ಸಹಾಯಕರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಊರೂರು ತಿರುಗಿ, ಶಾನುಭೋಗರು, ಗೌಡರು, ಅರ್ಚಕರನ್ನು ಕೇಳಿ ಕೈಫಿಯತ್ತುಗಳನ್ನು ಸಂಗ್ರಹಿಸಿದರು. ಊರು ಹುಟ್ಟಿದ ಬಗೆ, ಕೆರೆ ಕಟ್ಟಿದವರ ಹೆಸರು, ದೇವರು ಮೂಡಿದ ಕಥೆ ಎಲ್ಲವೂ ಅವುಗಳಲ್ಲಿವೆ. ಜೆ. ಎಫ್. ಫ್ಲೀಟ್ ಶಾಸನಗಳ ಜೊತೆಗೆ ಈ ಭಾಗದ ಲಾವಣಿಗಳನ್ನೂ ಬರೆದುಕೊಂಡನು. ಹಲಸಂಗಿಯ ಗೆಳೆಯರು ಗರತಿಯರ ಹಾಡುಗಳನ್ನು ಕಲೆಹಾಕಿ 1931ರಲ್ಲಿ ಪ್ರಕಟಿಸಿದರು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯ 2011ರಲ್ಲಿ ಸ್ಥಾಪನೆಯಾಯಿತು.

ಬರೆದಿಡದೆ ಉಳಿದವು ಬರೆದಿಟ್ಟವುಗಳಿಗಿಂತ ಬಹಳ ಹೆಚ್ಚು. ಅಸುಂಡಿಯಂಥ ಊರುಗಳಲ್ಲಿ ಹೊಲಗಳಿಗೆ ಇರುವ ಹೆಸರುಗಳು, ಹಳ್ಳದ ಒಂದೊಂದು ತಿರುವಿಗೆ ಇರುವ ಹೆಸರುಗಳು, ಅಗಸಿಯ ಕರಿಗಲ್ಲನ್ನು ಯಾರು ಯಾವಾಗ ಏಕೆ ನೆಟ್ಟರೆಂಬ ಮಾತು, ಇವು ಯಾವ ಕೈಫಿಯತ್ತಿನಲ್ಲಿಯೂ ಸೇರಿಲ್ಲ. ರಸ್ತೆ ಅಗಲವಾದಾಗ ಕರಿಗಲ್ಲು ಪಕ್ಕಕ್ಕೆ ಸರಿಯುತ್ತದೆ, ಹಳ್ಳ ಮುಚ್ಚಿದಾಗ ಅಗಸರ ಕಲ್ಲು ಮಣ್ಣಿನಡಿಗೆ ಹೋಗುತ್ತದೆ, ಹೊಲ ನಿವೇಶನವಾದಾಗ ಅದರ ಹೆಸರಿನ ಬದಲು ಒಂದು ಅಂಕಿ ಬರುತ್ತದೆ. ಆ ಹೆಸರುಗಳನ್ನು ಬಲ್ಲವರು ಊರಿನ ಕಟ್ಟೆಯ ಮೇಲೆ ಸಂಜೆಯ ಹೊತ್ತು ಕುಳಿತಿರುವ ಹಿರಿಯರು. ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ತಾವಾಗಿ ಹೇಳುವುದಿಲ್ಲ.